ಚೀಲದಕ್ಕನ ಮೂವತ್ತೊಂದು ಫೋನುಗಳು

“ಕುರ್ಚಿ ಬೇರೆಯವರಿಗೆ ಕೊಟ್ವಿ ಅಂದ್ರೆ ಏನರ್ಥ? ಯಾರನ್ನ ಕೇಳಿ ಕೊಟ್ರಿ? ಅದು ನನ್ನ ಹೆಂಡ್ತಿ ಕುರ್ಚಿ!”

“ಯಜಮಾನ್ರೇ, ಕೂಗಾಡ್ಬೇಡಿ. ಒಳಗೆ ಪೇಷೆಂಟ್‌ಗಳಿದ್ದಾರೆ.”

“ಇವಳೇನು ಮದುವೆಗೆ ಬಂದಿದ್ದಾಳಾ? ಇವಳೂ ಪೇಷೆಂಟೇ. ಶನಿವಾರನೂ ಹಿಂಗೇ ಮಾಡಿದ್ರಿ. ಬೆಳಿಗ್ಗೆ ಬಂದವಳನ್ನ ಮಧ್ಯಾಹ್ನ ಎರಡು ಗಂಟೆವರೆಗೂ ಕೂರಿಸಿದ್ರಿ. ಇವತ್ತೂ ಅದೇ ರಾಗ!”

“ನಾವೇನ್ ಮಾಡೋಣ? ಬರ್ತೀವಿ ಅಂತ ನೀವು ಫೋನಲ್ಲಿ ಒಪ್ಪಿಗೆ ಒತ್ತಿಲ್ಲ. ನಿನ್ನೆ ಎಂಟು ಗಂಟೆವರೆಗೂ ಕಾದ್ವಿ. ಒತ್ತಿಲ್ಲ ಅಂದ್ರೆ ಕುರ್ಚಿ ಕಾಯ್ತಿರೋ ಇನ್ನೊಬ್ರಿಗೆ ಹೋಗುತ್ತೆ. ಅದು ರೂಲ್ಸು.”

“ನಿಮ್ಮ ರೂಲ್ಸಿಗಿಷ್ಟು ಬೆಂಕಿ ಹಾಕ! ನಿನ್ನೆ ಸಂಜೆ ನಾನೇ ಫೋನ್ ತೆಗೆದು ನೋಡಿದೀನಿ. ‘ನಾಳೆ ಬೆಳಿಗ್ಗೆ ಆರು ಗಂಟೆ, ನಾಲ್ಕನೇ ಕುರ್ಚಿ’ ಅಂತ ಬರೆದಿತ್ತು. ನಂಗೇನು ಓದೋಕೆ ಬರಲ್ವಾ? ಇಲ್ಲ ಕುಡಿದು ಬಂದಿದೀನಾ?”

ಮಂಗಳವಾರ, ಬೆಳಿಗ್ಗೆ ಐದು ಮುಕ್ಕಾಲು. ಆಸ್ಪತ್ರೆಯ ಡಯಾಲಿಸಿಸ್ ವಿಭಾಗದ ಬಾಗಿಲು ತೆರೆದು ಹತ್ತು ನಿಮಿಷವೂ ಆಗಿಲ್ಲ. ಕೌಂಟರಿನ ಈಚೆ ನಿಂತು ಕೂಗುತ್ತಿರುವವರು ಅರವತ್ತಾರು ವರ್ಷದ ಗಾರೆ ಮೇಸ್ತ್ರಿ. ಆಚೆ ನಿಂತವರು ಹೆಡ್ ಸಿಸ್ಟರ್. ಮೇಸ್ತ್ರಿಯ ಹೆಂಡತಿ ಗೋಡೆಗೆ ಒರಗಿ ಕೂತಿದ್ದಾರೆ. ಪಾದ ಎಷ್ಟು ಊದಿದೆಯೆಂದರೆ ಚಪ್ಪಲಿಯ ಪಟ್ಟಿ ಹಾಕಲಾಗದೆ ಎಳೆದುಕೊಂಡು ಬಂದಿದ್ದಾರೆ. ಮೂತ್ರಪಿಂಡ ಕೆಲಸ ನಿಲ್ಲಿಸಿದವರಿಗೆ ವಾರಕ್ಕೆ ಮೂರು ಸಲ, ಸಲಕ್ಕೆ ನಾಲ್ಕು ಗಂಟೆ, ಯಂತ್ರವೇ ರಕ್ತ ಶುದ್ಧ ಮಾಡಬೇಕು. ಒಂದು ಸರದಿ ತಪ್ಪಿದರೆ ಮೈಯಲ್ಲಿ ನೀರು ತುಂಬುತ್ತದೆ, ಉಸಿರು ಕಟ್ಟುತ್ತದೆ. ಇಲ್ಲಿ ಒಂದು ಕುರ್ಚಿ ಅಂದರೆ ಕುರ್ಚಿಯಲ್ಲ, ಎರಡು ದಿನದ ಆಯಸ್ಸು.

“ರೀ, ಸಾಕು ಬಿಡಿ. ಕೂಗಿದ್ರೆ ಕುರ್ಚಿ ಬರುತ್ತಾ?” ಎನ್ನುತ್ತಾರೆ ಹೆಂಡತಿ. ಆ ಒಂದು ಮಾತಿಗೆ ಮೂರು ಸಲ ಉಸಿರೆಳೆದುಕೊಳ್ಳುತ್ತಾರೆ.

ಆಗ ಕಬ್ಬಿಣದ ಬೆಂಚಿನ ತುದಿಯಿಂದ ಒಬ್ಬ ಹೆಂಗಸು ಏಳುತ್ತಾರೆ. ಮೂವತ್ತೊಂಬತ್ತು ವಯಸ್ಸು, ಸಣಕಲು ಮೈ, ಹೆಗಲಲ್ಲಿ ದಪ್ಪ ಬಟ್ಟೆಯ ಚೀಲ. ನಡೆದರೆ ಚೀಲದೊಳಗೆ ಏನೋ ಒಂದಕ್ಕೊಂದು ತಾಗಿ ಕಟಕಟ ಎನ್ನುತ್ತದೆ.

“ಯಜಮಾನ್ರೇ, ನಿನ್ನೆ ಹೆಂಗೆ ನೋಡಿದ್ರೋ ಹಂಗೇ ಒಂದ್ಸಲ ನನಗೆ ತೋರಿಸ್ತೀರಾ?”

“ನೀನ್ಯಾರಮ್ಮ ನಡುವೆ?”

“ಫೋನಲ್ಲಿ ನೀವು ನೋಡಿದ್ದನ್ನ ಮಾಡಿದವಳು.”

“ಓಹೋ! ನಿನ್ನನ್ನೇ ಹುಡುಕ್ತಿದ್ದೆ ಕಣಮ್ಮ!” ಎನ್ನುತ್ತಾರೆ ಮೇಸ್ತ್ರಿ. ಆಮೇಲೆ ಎರಡು ನಿಮಿಷ ಅವರು ಆಡುವ ಮಾತನ್ನು ಇಲ್ಲಿ ಅಚ್ಚು ಹಾಕುವಂತಿಲ್ಲ. ಈ ಹೆಂಗಸು ತಲೆ ತಗ್ಗಿಸುವುದೂ ಇಲ್ಲ, ಎದುರಾಡುವುದೂ ಇಲ್ಲ. ಮಳೆ ನಿಲ್ಲಲಿ ಎಂದು ಸೂರಿನಡಿ ನಿಂತವರ ಹಾಗೆ ನಿಂತಿದ್ದಾರೆ. ಬೈಗುಳ ಮುಗಿದ ಮೇಲೆ ಕೈ ಚಾಚುತ್ತಾರೆ. ಮೇಸ್ತ್ರಿ ಜೇಬಿನಿಂದ ಫೋನ್ ತೆಗೆಯುತ್ತಾರೆ. ಅಂಗೈಯಲ್ಲಿ ಮುಚ್ಚಿಹೋಗುವಷ್ಟು ಚಿಕ್ಕದು. ಅಕ್ಷರಗಳನ್ನು ಎಷ್ಟು ದೊಡ್ಡದು ಮಾಡಲು ಸಾಧ್ಯವೋ ಅಷ್ಟು ದೊಡ್ಡದು ಮಾಡಿಟ್ಟುಕೊಂಡಿದ್ದಾರೆ. ಮೇಲೆ ಒಂದು ನೀಲಿ ಹೂವಿನ ಚಿತ್ರ, ಅದರ ಕೆಳಗೆ ದಿನ, ಹೊತ್ತು, ಕುರ್ಚಿಯ ಸಂಖ್ಯೆ. ಅಷ್ಟಕ್ಕೆ ಪರದೆ ತುಂಬಿಹೋಗುತ್ತದೆ.

“ನೋಡು. ಇಷ್ಟೇ. ಓದಿದೆ. ಮುಗೀತಲ್ಲ?”

ಆಕೆ ಪರದೆಯ ಮೇಲೆ ಬೆರಳಿಟ್ಟು ಮೇಲಕ್ಕೆ ತಳ್ಳುತ್ತಾರೆ. ಹೂವು ಮೇಲೆ ಹೋಗುತ್ತದೆ. ಕೆಳಗಿನಿಂದ, ಬಾವಿಯಿಂದ ಕೊಡ ಬಂದ ಹಾಗೆ, ಒಂದು ಹಸಿರು ಬಟನ್ ಮೇಲೆ ಬರುತ್ತದೆ: ‘ಒಪ್ಪಿಗೆ’.

ಮೇಸ್ತ್ರಿ ಆ ಬಟನ್ನನ್ನು ನೋಡುತ್ತಾರೆ. ಸಿಸ್ಟರ್ ನೋಡುತ್ತಾರೆ.

“ಇದು ನಿಮ್ಮ ತಪ್ಪಲ್ಲ. ಸಿಸ್ಟರ್‌ದೂ ಅಲ್ಲ. ನಂದು,” ಎನ್ನುತ್ತಾರೆ ಆಕೆ.

ಈ ಹೆಂಗಸಿಗೆ ಆಸ್ಪತ್ರೆಯವರು ಇಟ್ಟಿರುವ ಹೆಸರು ಚೀಲದಕ್ಕ. ಇವರ ಹಿಂದೆ ಒಂದು ವಾರ ಸುತ್ತಿ ಬರೆಯುತ್ತಿರುವ ಬರಹವಿದು. ಇಂಥದ್ದೊಂದು ಕೆಲಸ ಇದೆ ಎಂಬುದೇ ಬಹಳ ಜನಕ್ಕೆ ಗೊತ್ತಿಲ್ಲ. ಫೋನಿನಲ್ಲಿ ಒಂದು ಆ್ಯಪ್ ತೆರೆದರೆ ಅಕ್ಷರ ಎಲ್ಲಿರಬೇಕು, ಚಿತ್ರ ಎಷ್ಟಿರಬೇಕು, ಬಟನ್ ಯಾವ ಮೂಲೆಯಲ್ಲಿ ಕೂರಬೇಕು, ಒತ್ತಿದರೆ ಮುಂದೇನು ಬರಬೇಕು, ಇಷ್ಟನ್ನೂ ಯಾರೋ ಒಬ್ಬರು ಕೂತು ಗೀಚಿ, ಅಳೆದು, ಕಟ್ಟಿರುತ್ತಾರೆ. ನಾವು ಅದು ಹುಲ್ಲು ಬೆಳೆದ ಹಾಗೆ ತಾನಾಗಿ ಬೆಳೆದದ್ದು ಎಂದುಕೊಂಡು ಉಜ್ಜುತ್ತಿರುತ್ತೇವೆ. ಸರಿಯಿದ್ದರೆ ಯಾರೂ ನೆನೆಯುವುದಿಲ್ಲ. ಕೆಟ್ಟರೆ ಬೈಯುವುದು ಫೋನನ್ನು, ಇಲ್ಲವೇ ಎದುರಿಗೆ ಸಿಕ್ಕ ಸಿಸ್ಟರನ್ನು.

ಚೀಲದಕ್ಕನ ಚೀಲದಲ್ಲಿ ಮೂವತ್ತೊಂದು ಫೋನುಗಳಿವೆ. ಒಂದೊಂದನ್ನೂ ಹಳೆಯ ಕಾಲುಚೀಲದಲ್ಲಿ ಸುತ್ತಿಟ್ಟಿದ್ದಾರೆ. ಏಳು ವರ್ಷದ ಹಿಂದಿನ ಫೋನಿದೆ, ಹೋದ ತಿಂಗಳದ್ದಿದೆ. ಪುಸ್ತಕದಂತೆ ಮಡಚುವುದೊಂದಿದೆ. ಊಟದ ತಟ್ಟೆಯಷ್ಟು ಅಗಲದ್ದು ಎರಡಿವೆ. “ಒಂದೇ ಪುಟ ಇವೆಲ್ಲದರಲ್ಲೂ ಸರಿಯಾಗಿ ಕೂರಬೇಕು ಸರ್. ಕಂಪ್ಯೂಟರಲ್ಲೇ ಯಾವ ಫೋನ್ ಬೇಕಾದ್ರೂ ತೆರೆದು ನೋಡ್ಬಹುದು, ನೋಡ್ತೀನಿ ಕೂಡ. ಆದ್ರೆ ಕಂಪ್ಯೂಟರೊಳಗಿನ ಫೋನಿಗೆ ಬಿಸಿಲು ಬೀಳಲ್ಲ, ಬೆವರು ಹತ್ತಲ್ಲ, ಕೈ ನಡುಗಲ್ಲ,” ಎನ್ನುತ್ತಾರೆ.

ಆ ಆ್ಯಪಿನಲ್ಲಿ ಹದಿನಾಲ್ಕು ಪುಟ. ಒಂದೊಂದು ಪುಟವನ್ನೂ ಮೂವತ್ತೊಂದು ಫೋನಿನಲ್ಲಿ, ಚಿಕ್ಕ, ನಡು, ದೊಡ್ಡ ಎಂದು ಮೂರು ಅಳತೆಯ ಅಕ್ಷರದಲ್ಲಿ ನೋಡಬೇಕು. ಕಾಗದದ ಅಂಚಿನಲ್ಲಿ ಗುಣಿಸಿ ನೋಡಿದರೆ ಸಾವಿರದ ಮುನ್ನೂರ ಎರಡು. ಒಂದು ಬಟನ್ ಅರ್ಧ ಬೆರಳಿನಷ್ಟು ಸರಿದರೂ ಮತ್ತೆ ಮೊದಲಿಂದ ಸಾವಿರದ ಮುನ್ನೂರ ಎರಡು. ಬೆರಳಿಗೆ ಸೀಮೆಸುಣ್ಣದ ಪುಡಿ ಹಚ್ಚಿಕೊಂಡು ಗಾಜನ್ನು ಮುಟ್ಟುತ್ತಾರೆ. ಎಲ್ಲಿ ಬಿಳಿ ಅಂಟಿತೋ ಅಲ್ಲಿಯವರೆಗೆ ಹೆಬ್ಬೆರಳು ಎಟುಕುತ್ತದೆ ಎಂದು ಲೆಕ್ಕ. ಬೆಳಿಗ್ಗೆ ಐದಕ್ಕೆ ಎದ್ದು ಕಿಟಕಿಯ ಕಟ್ಟೆಯ ಮೇಲೆ ಫೋನುಗಳನ್ನು ಸಾಲಾಗಿ ಜೋಡಿಸಿ, ಮಸುಕು ಬೆಳಕಿನಲ್ಲಿ ಒಮ್ಮೆ, ಬಿಸಿಲು ನೇರ ಬಿದ್ದಾಗ ಒಮ್ಮೆ ಓದುತ್ತಾರೆ.

ಇದನ್ನು ಕೇಳಿ ಇವರಿಗೆ ಹುಚ್ಚು ಎನ್ನುವವರು ಮುಂದಿನದನ್ನೂ ಕೇಳಬೇಕು. ಡಯಾಲಿಸಿಸ್‌ಗೆ ಕೂತವರ ಒಂದು ತೋಳಿಗೆ ಸೂಜಿ ಚುಚ್ಚಿರುತ್ತಾರೆ. ಆ ತೋಳು ಅಲುಗಾಡುವಂತಿಲ್ಲ. ಇನ್ನೊಂದೇ ಕೈಯಲ್ಲಿ ಫೋನ್ ಹಿಡಿದು, ಅದೇ ಕೈಯ ಹೆಬ್ಬೆರಳಲ್ಲಿ ಒತ್ತಬೇಕು. ಈ ಪುಟಗಳನ್ನು ಕಟ್ಟಲು ಶುರುಮಾಡಿದಾಗ ಚೀಲದಕ್ಕ ಮನೆಯಲ್ಲಿ ಬಲತೋಳನ್ನು ಟವೆಲ್ಲಿನಿಂದ ಕುರ್ಚಿಗೆ ಕಟ್ಟಿಸಿಕೊಂಡು ನಾಲ್ಕು ಗಂಟೆ ಕೂತಿದ್ದರು. ಮರುದಿನ ಎಡತೋಳು. “ಮೂರನೇ ಗಂಟೆಗೆ ಕೈ ಸೋಲುತ್ತೆ ಸರ್. ಸೋತ ಹೆಬ್ಬೆರಳು ಮೇಲಿನ ಮೂಲೆಗೆ ಹೋಗೋದೇ ಇಲ್ಲ. ಅದಕ್ಕೇ ಮೇಲಿನ ಮೂಲೇಲಿ ನಾನು ಏನೂ ಇಡ್ಲಿಲ್ಲ,” ಎಂದು ಹೇಳುವಾಗ ಅದೇನು ಮಹಾ ಎಂಬ ಧಾಟಿ.

ಟವೆಲ್ ಕಟ್ಟಿದವರು ಇವರ ಅತ್ತೆ. ಬಾಯಿ ಜೋರು. “ಸೊಸೆ ಕೆಲಸ ಏನು ಅಂತ ಪಕ್ಕದ ಮನೆಯವ್ರು ಕೇಳ್ತಾರೆ. ಬಟನ್ ಮಾಡ್ತಾಳೆ ಅಂತೀನಿ. ಅಂಗಿದಾ ಅಂತಾರೆ. ಹೂಂ ಅಂದ್ಬಿಡ್ತೀನಿ. ಅವ್ರಿಗೆ ಬಿಡಿಸಿ ಹೇಳೋಷ್ಟು ಆಯಸ್ಸು ನಂಗಿಲ್ಲ,” ಎಂದು ನಗುತ್ತಾರೆ. ಹತ್ತು ವರ್ಷದ ಮಗಳದ್ದು ಇನ್ನೊಂದು ದೂರು: “ಅಮ್ಮ ಗೋಡೆ ಮೇಲಿನ ಲೈಟ್ ಸ್ವಿಚ್ಚನ್ನೂ ‘ಇದು ಯಾರ ಎತ್ತರಕ್ಕೆ ಹಾಕಿದ್ದು’ ಅಂತ ಬೈತಾಳೆ.”

ಚೀಲದಕ್ಕ ದೊಡ್ಡ ಕಾಲೇಜು ಮೆಟ್ಟಿಲು ಹತ್ತಿದವರಲ್ಲ. ಹತ್ತನೇ ತರಗತಿಗೇ ಓದು ನಿಲ್ಲಿಸಿ, ಇಪ್ಪತ್ತೆರಡನೇ ವಯಸ್ಸಿನಲ್ಲಿ ಅಕ್ಕನ ಗಂಡನ ಫೋನ್ ರಿಪೇರಿ ಅಂಗಡಿಯಲ್ಲಿ ಸ್ಟೂಲು ಹಾಕಿಕೊಂಡು ಕೂತವರು ಒಂಬತ್ತು ವರ್ಷ ಏಳಲಿಲ್ಲ. ಒಡೆದ ಗಾಜು ಬಿಚ್ಚುವುದು, ಹೊಸ ಗಾಜು ಕೂರಿಸುವುದು. ಗಂಡ ತೀರಿಕೊಂಡಾಗ ಮಗಳಿಗೆ ಒಂದೂವರೆ ವರ್ಷ. ಆಮೇಲೆ ಭಾವನ ಅಂಗಡಿಯೂ ಮುಚ್ಚಿತು. ಸಾರ್ವಜನಿಕ ಗ್ರಂಥಾಲಯದಲ್ಲಿ ಮೂರು ಕಂಪ್ಯೂಟರ್ ಇದ್ದವು, ಒಬ್ಬರಿಗೆ ದಿನಕ್ಕೆ ಒಂದು ಗಂಟೆ. ಮಗುವನ್ನು ಅತ್ತೆಯ ಮಡಿಲಲ್ಲಿ ಬಿಟ್ಟು ಆ ಒಂದು ಗಂಟೆಯಲ್ಲಿ ನೋಡಿದ್ದನ್ನು ಮನೆಗೆ ಬಂದು ನೋಟ್‌ಬುಕ್ಕಿನಲ್ಲಿ ಬರೆದು, ಮರುದಿನ ಹೋಗಿ ಮಾಡಿ ನೋಡುವುದು. ಹೀಗೆ ಎರಡು ವರ್ಷ. ಕಂಪ್ಯೂಟರ್ ಇಲ್ಲದೆ ಕಂಪ್ಯೂಟರ್ ಕೆಲಸ ಕಲಿತದ್ದು ಹೀಗೆ.

“ಅಂಗಡೀಲಿದ್ದಾಗ ಒಂದು ಗಮನಿಸಿದ್ದೆ. ಫೋನ್ ಕೊಡೋಕೆ ಬಂದ ವಯಸ್ಸಾದವ್ರೆಲ್ಲ ಮೊದಲು ಹೇಳೋ ಮಾತು, ‘ನಾನೇ ಏನೋ ತಪ್ಪು ಒತ್ಬಿಟ್ಟೆ’ ಅಂತ. ನೂರಕ್ಕೆ ತೊಂಬತ್ತು ಜನ ಏನೂ ತಪ್ಪು ಒತ್ತಿರ್ತಿರ್ಲಿಲ್ಲ. ಫೋನೇ ಹಂಗಿರ್ತಿತ್ತು. ಯಾಕೆ ಇವ್ರು ತಮ್ಮ ಮೇಲೆ ಹಾಕ್ಕೊಳ್ತಾರೆ ಅಂತ ಹೊಟ್ಟೆ ಉರೀತಿತ್ತು.”

ಅಂಥವರ ಕೈಯಲ್ಲೇ ಈ ತಪ್ಪಾಯಿತಲ್ಲ, ಹೇಗೆ? ಮಂಗಳವಾರ ಆಸ್ಪತ್ರೆಯಿಂದ ಆಫೀಸಿಗೆ ನಡೆಯುವ ದಾರಿಯಲ್ಲಿ ಕೇಳಿದೆ. ಅವರು ಸುತ್ತಿ ಬಳಸಿ ಮಾತಾಡುವವರಲ್ಲ.

“ಚಿಕ್ಕ ಫೋನಲ್ಲಿ ನೋಡಿದ್ದೆ, ಮಾಮೂಲಿ ಅಕ್ಷರದಲ್ಲಿ. ದೊಡ್ಡ ಅಕ್ಷರನೂ ನೋಡಿದ್ದೆ, ದೊಡ್ಡ ಫೋನಲ್ಲಿ. ಅತ್ತೆಗೆ ದೊಡ್ಡದು ಕೊಡಿಸಿದೀನಲ್ಲ, ಅದ್ರಲ್ಲಿ. ಆಗ ಒಂದೊಂದು ಫೋನಲ್ಲಿ ಒಂದೊಂದೇ ಅಳತೆ ನೋಡ್ತಿದ್ದೆ, ಎರಡನ್ನೂ ಸೇರಿಸಿ ನೋಡ್ಲಿಲ್ಲ. ಚಿಕ್ಕ ಫೋನಿರೋದು ಇಲ್ಲದವ್ರ ಹತ್ರ. ದೊಡ್ಡ ಅಕ್ಷರ ಬೇಕಾಗೋದು ವಯಸ್ಸಾದವ್ರಿಗೆ. ಇಲ್ಲದವ್ರಿಗೂ ವಯಸ್ಸಾಗುತ್ತೆ ಅಂತ ನಂಗೆ ಹೊಳೀಲಿಲ್ಲ ಸರ್.”

ಮುಂದೆ ನಡೆದೆವು. ಚೀಲ ಕಟಕಟ ಎನ್ನುತ್ತಿತ್ತು.

ಆ ಪುಟ ಬಂದ ಎರಡು ವಾರದಲ್ಲಿ ಆ ಒಂದು ಆಸ್ಪತ್ರೆಯಲ್ಲೇ ನಲವತ್ತೊಂದು ಸಲ ‘ಒಪ್ಪಿಗೆ’ ಬಾರದೆ ಕುರ್ಚಿ ಕೈ ಬದಲಾಗಿದೆ. ಅದರಲ್ಲಿ ಮೂವತ್ಮೂರು ಸಲ ಅದೇ ಎಂಟು ಜನರದ್ದು. ಎಂಟೂ ಜನ ಅರವತ್ತು ದಾಟಿದವರು. ಸಿಸ್ಟರ್ ಹೇಗೋ ಹೊಂದಿಸಿ ಮಧ್ಯಾಹ್ನವೋ ಸಂಜೆಯೋ ಕೂರಿಸುತ್ತಿದ್ದರು. “ವಯಸ್ಸಾದವ್ರು, ಮರೆತಿರ್ತಾರೆ ಅಂದ್ಕೊಂಡ್ವಿ. ಅವ್ರೂ ಹಂಗೇ ಅಂದ್ಕೊಂಡು ಹೋಗ್ತಿದ್ರು,” ಎಂದು ಸಿಸ್ಟರ್ ನೊಂದುಕೊಂಡರು. ಏಳು ಜನ ತಮ್ಮ ಮರೆವನ್ನೇ ಬೈದುಕೊಂಡು ಸುಮ್ಮನಾಗಿದ್ದರು. ಎಂಟನೆಯವರು ಮೇಸ್ತ್ರಿ. ಶನಿವಾರ ಅವರು ಕೂಗಾಡಿದ ಮೇಲೆಯೇ ಸಿಸ್ಟರ್ ಚೀಲದಕ್ಕನಿಗೆ ಫೋನ್ ಮಾಡಿದ್ದು. ಕೂಗುವವರು ಇರಬೇಕು ಎಂದು ನಾನು ಯಾವಾಗಲೂ ಹೇಳುತ್ತೇನೆ.

ಮಂಗಳವಾರವೂ ಮೇಸ್ತ್ರಿಯ ಹೆಂಡತಿಗೆ ಮಧ್ಯಾಹ್ನದ ಕುರ್ಚಿ ಸಿಕ್ಕಿತು. ಮುಂದಿನ ಸರದಿ ಗುರುವಾರ. ಬುಧವಾರ ಸಂಜೆ ಎಂಟರೊಳಗೆ ಒಪ್ಪಿಗೆ ಒತ್ತಬೇಕು. ಬಟನ್ ಎಲ್ಲಿ ಅಡಗಿದೆ ಎಂದು ತೋರಿಸಿಕೊಟ್ಟ ಮೇಲೂ ಮೇಸ್ತ್ರಿ ಒಪ್ಪಿಕೊಳ್ಳಲಿಲ್ಲ. “ನಾನು ಕಟ್ಟಿದ ಮನೇಲಿ ಬಾಗಿಲು ಹುಡುಕ್ಕೊಂಡು ಬನ್ನಿ ಅಂತ ಯಾರಿಗೂ ಹೇಳಿಲ್ಲ. ಆ ಬಟನ್ ತಾನಾಗೇ ಕಣ್ಣಿಗೆ ಬೀಳೋವರೆಗೂ ಈ ಡಬ್ಬ ಮುಟ್ಟಲ್ಲ. ಒಂದೊಂದು ಸರದಿಗೂ ಹಿಂದಿನ ಸಂಜೆ ಇಲ್ಲಿಗೇ ಬರ್ತೀನಿ, ಬಾಯಲ್ಲೇ ಹೇಳ್ತೀನಿ, ಹೇಳಿ ಜಗಳನೂ ಆಡ್ತೀನಿ,” ಎಂದರು. ಅವರ ಮನೆ ಆಸ್ಪತ್ರೆಯಿಂದ ಐದು ಕಿಲೋಮೀಟರ್. ಆ ಹೊತ್ತಿನಲ್ಲಿ ಹೆಂಡತಿಯ ಹತ್ತಿರ ಬೇರೆ ಯಾರೂ ಇರುವುದಿಲ್ಲ.

ಚೀಲದಕ್ಕ ಕೆಲಸ ಮಾಡುವ ಆಫೀಸು ಟಯರ್ ಅಂಗಡಿಯ ಮೇಲಿನ ಮಹಡಿಯಲ್ಲಿದೆ. ಹನ್ನೊಂದು ಜನ, ಎರಡು ಕೋಣೆ, ಒಂದು ಫ್ಯಾನು. ಮ್ಯಾನೇಜರ್ ಇವರಿಗಿಂತ ಏಳು ವರ್ಷ ಚಿಕ್ಕವರು, ಅಕ್ಕಾ ಎಂದೇ ಕರೆಯುತ್ತಾರೆ. ಒಳ್ಳೆಯ ಮನುಷ್ಯರೇ, ಆದರೆ ಆ ನೀಲಿ ಹೂವು ಅವರೇ ಹಟ ಹಿಡಿದು ಹಾಕಿಸಿದ್ದು.

“ಅಕ್ಕಾ, ಹೂವಿನ ತಂಟೆಗೆ ಬರ್ಬೇಡಿ. ಹೂವು ನೋಡಿದ್ರೆ ರೋಗಿಗಳಿಗೆ ಸಮಾಧಾನ ಆಗುತ್ತೆ. ಆಸ್ಪತ್ರೆಯವ್ರೂ ಹೊಗಳಿದ್ದಾರೆ.”

“ಹೊಗಳಿದವ್ರ ಫೋನ್ ಎಷ್ಟು ದೊಡ್ಡದಿತ್ತು?”

“ಹನ್ನೆರಡು ಆಸ್ಪತ್ರೆಲಿ ಆರುನೂರು ಜನ ಬಳಸ್ತಿದ್ದಾರೆ. ತೊಂದ್ರೆ ಆಗಿರೋದು ಎಂಟು ಜನಕ್ಕೆ. ಎಂಟು ಜನಕ್ಕೋಸ್ಕರ ಎಲ್ಲಾ ಬಿಚ್ಚಿ ಮತ್ತೆ ಕಟ್ಬೇಕಾ? ಮುಂದಿನ ತಿಂಗಳು ಹೆಂಗೂ ಹೊಸದು ಬಿಡ್ತೀವಲ್ಲ, ಆಗ ನೋಡೋಣ.”

“ಎಂಟು ಜನ ಈ ಒಂದು ಆಸ್ಪತ್ರೆಲಿ. ಉಳಿದ ಹನ್ನೊಂದರಲ್ಲಿ ಬೆಂಚಿನ ಮೇಲೆ ಕೂತು ಎಣಿಸಿದವ್ರು ಯಾರು? ಮುಂದಿನ ತಿಂಗಳು ಅಂದ್ರೆ ಆಯಮ್ಮನಿಗೆ ಇನ್ನೂ ಹದಿಮೂರು ಸರದಿ. ಹದಿಮೂರು ಸಲ ಆಯಮ್ಮ ನಿಮ್ಮ ಹೂವು ನೋಡ್ಕೊಂಡು ಉಸಿರಾಡ್ಬೇಕಾ?”

ಮ್ಯಾನೇಜರ್ ಮುಖ ಕೆಂಪಾಯಿತು. ಚೀಲದಕ್ಕ ಚೀಲಕ್ಕೆ ಕೈ ಹಾಕಿ, ಒಂದು ಕಾಲುಚೀಲ ಬಿಚ್ಚಿ, ಇದ್ದುದರಲ್ಲಿ ಅತಿ ಚಿಕ್ಕ ಫೋನನ್ನು ತೆಗೆದರು. ಅಕ್ಷರ ದೊಡ್ಡದು ಮಾಡಿದರು. ಮ್ಯಾನೇಜರ್ ಕೈಯಲ್ಲಿಟ್ಟರು.

“ನಾಳೆ ಆರು ಗಂಟೆಗೆ ನಿಮ್ಮಮ್ಮನ ಸರದಿ ಅಂದ್ಕೊಳ್ಳಿ. ಕುರ್ಚಿ ಉಳಿಸಿ.”

ಅವರು ನೋಡಿದರು. ಹೂವು, ದಿನ, ಹೊತ್ತು, ಕುರ್ಚಿ. “ಇದ್ಯಲ್ಲ ಕುರ್ಚಿ. ಮುಗೀತಲ್ಲ?” ಎಂದರು. ಎಂದವರು ಅಲ್ಲೇ ನಿಂತರು. ಆ ಪುಟವನ್ನು ನೂರು ಸಲ ನೋಡಿದ್ದ ಮನುಷ್ಯ, ಬಟನ್ ಇದೆ ಎಂದು ಗೊತ್ತಿದ್ದ ಮನುಷ್ಯ, ಬೆಳಿಗ್ಗೆ ಮೇಸ್ತ್ರಿ ಆಡಿದ ಮಾತನ್ನೇ ಆಡಿದ್ದರು. ಫೋನನ್ನು ಮೇಜಿನ ಮೇಲಿಟ್ಟು, “ಹೂವು ಕಿತ್ತುಹಾಕಿ ಅಕ್ಕಾ,” ಎಂದರು.

“ಕೀಳೋದೇನೂ ಬೇಡ. ಜಾಗ ಇದ್ರೆ ಕೂತಿರ್ಲಿ. ವಯಸ್ಸಾದವ್ರು ಹತ್ತಿದಾಗ ಬಸ್ಸಲ್ಲಿ ಎದ್ದು ಜಾಗ ಕೊಡ್ತೀವಲ್ಲ, ಹಂಗೆ ಎದ್ದೇಳೋದನ್ನ ಕಲಿಸ್ತೀನಿ.”

ಆಮೇಲಿನ ಒಂದೂವರೆ ದಿನ ನಾನು ಕಂಡದ್ದನ್ನು ಹೇಗೆ ಹೇಳಲಿ? ಆಕೆ ಪರದೆಗೆ ಪ್ರಶ್ನೆ ಕೇಳುವುದನ್ನು ಕಲಿಸುತ್ತಾರೆ. ನೀನೆಷ್ಟು ಉದ್ದ? ನಿನ್ನ ಅಕ್ಷರ ಎಷ್ಟು ದಪ್ಪ? ಇಷ್ಟರೊಳಗಿದ್ದರೆ ಹೂವು ಪೂರ್ತಿ ಇರಲಿ. ಇಷ್ಟಾದರೆ ಹೂವು ಕುಗ್ಗಲಿ. ಇಷ್ಟಾದರೆ ಹೊರಟುಹೋಗಲಿ. ಏನೇ ಆದರೂ ಹಸಿರು ಬಟನ್ ಜಾಗ ಬಿಡಕೂಡದು. ಬರೀ ಅಕ್ಷರ, ಸಂಖ್ಯೆಗಳ ಸಾಲು. ಒಂದೊಂದು ಸಾಲು ಬರೆದಾಗಲೂ ಮೇಜಿನ ಮೇಲೆ ಸಾಲಾಗಿ ಮಲಗಿದ ಮೂವತ್ತೊಂದು ಪರದೆಗಳಲ್ಲಿ ಹೂವುಗಳು ಅರಳುತ್ತವೆ, ಮುದುಡುತ್ತವೆ, ಮಾಯವಾಗುತ್ತವೆ. ಮಡಚುವ ಫೋನನ್ನು ಬಿಚ್ಚಿದರೆ ಹೂವು ಪಕ್ಕಕ್ಕೆ ಸರಿದು ಕೂರುತ್ತದೆ. ಮಡಚಿದರೆ ಎದ್ದು ಹೋಗುತ್ತದೆ. ಜನರ ಕಷ್ಟ ತಿಳಿದ ಜೀವ ಅದರೊಳಗಿದೆಯೋ ಎನ್ನುವ ಹಾಗೆ. ಬಾಯಿ ತೆರೆದುಕೊಂಡು ನೋಡುತ್ತಿದ್ದೆ. ಚೀಲದಕ್ಕ ತಣ್ಣಗಾದ ಟೀ ಕುಡಿಯುತ್ತಾ, “ಇನ್ನೂ ಒಂಬೈನೂರು ಇದೆ ಸರ್,” ಎಂದು ಮುಂದಿನ ಫೋನಿಗೆ ಕೈ ಹಾಕುತ್ತಿದ್ದರು.

ಬುಧವಾರ ಸಂಜೆ ಆರೂ ನಲವತ್ತಕ್ಕೆ ಮೇಸ್ತ್ರಿ ಹೇಳಿದಂತೆಯೇ ಕೌಂಟರಿಗೆ ಬರುತ್ತಾರೆ. ಬೆವರಿದ್ದಾರೆ. “ಬಂದೆ. ಬರ್ಕೊಳ್ಳಿ ಸಿಸ್ಟರ್. ನಾಳೆ ಆರು ಗಂಟೆ, ನಾಲ್ಕನೇ ಕುರ್ಚಿ. ಬಾಯಲ್ಲಿ ಹೇಳಿದೀನಿ, ಕಿವೀಲಿ ಕೇಳಿದೀರ, ಸಾಕ್ಷಿಗೆ ಈ ಚೀಲದಮ್ಮ ಇದ್ದಾಳೆ.”

“ಬರೆಸೋಕೆ ಮುಂಚೆ ಒಂದ್ಸಲ ಫೋನ್ ಕೊಡಿ ಮೇಸ್ತ್ರಿಗಳೇ,” ಎಂದು ಚೀಲದಕ್ಕ ಬೆಂಚಿನಲ್ಲೇ ಲ್ಯಾಪ್‌ಟಾಪ್ ತೆರೆದು, ವೈರು ಸಿಕ್ಕಿಸಿ, ಹೊಸದನ್ನು ಆ ಫೋನಿಗೆ ಹಾಕುತ್ತಾರೆ. ಹೂವಿಲ್ಲ. ದಿನ, ಹೊತ್ತು, ಕುರ್ಚಿ. ಕೆಳಗೆ, ಪರದೆಯ ಬುಡದಲ್ಲಿ, ಎದ್ದು ಕಾಣುವ ಹಸಿರು ಬಟನ್.

ಮೇಸ್ತ್ರಿ ಒತ್ತುತ್ತಾರೆ. ಏನೂ ಆಗುವುದಿಲ್ಲ. ಮತ್ತೆ ಒತ್ತುತ್ತಾರೆ. ಹೆಬ್ಬೆರಳನ್ನು ನಾಲಗೆಗೆ ತಾಗಿಸಿ ಒತ್ತುತ್ತಾರೆ. ಇಲ್ಲ.

“ನೋಡಮ್ಮ! ಮೊದ್ಲು ಕಾಣ್ತಿರ್ಲಿಲ್ಲ. ಈಗ ಕಾಣ್ತದೆ, ಮಾತು ಕೇಳಲ್ಲ. ನನ್ನ ಕೆಲಸದವ್ರ ಥರಾನೇ ಇದೆ ಇದು!”

ಚೀಲದಕ್ಕ ಮೇಸ್ತ್ರಿಯ ಹೆಬ್ಬೆರಳನ್ನು ಹಿಡಿದು ನೋಡುತ್ತಾರೆ. ನಲವತ್ತು ವರ್ಷ ಸಿಮೆಂಟು ತಿಂದ ಬೆರಳು. ಗೆರೆಗಳೇ ಅಳಿಸಿಹೋಗಿ ಕಲ್ಲಿನ ಹಾಗಿದೆ. ಆದರೆ ತೊಂದರೆ ಬೆರಳಿನದಲ್ಲ. ಫೋನನ್ನು ದೀಪಕ್ಕೆ ಓರೆಯಾಗಿ ಹಿಡಿದಾಗ ಕಾಣುತ್ತದೆ: ಬುಡದಲ್ಲಿ ಗಾಜು ಒಡೆದಿದೆ. ಒಡೆದದ್ದು ಉದುರದಿರಲಿ ಎಂದು ಅಡ್ಡಕ್ಕೆ ಒಂದು ಪಟ್ಟಿ ಪಾರದರ್ಶಕ ಟೇಪು. ಆ ಪಟ್ಟಿಯಗಲ ಫೋನಿಗೆ ಸ್ಪರ್ಶವೇ ತಿಳಿಯುವುದಿಲ್ಲ. ಹಸಿರು ಬಟನ್ ಸರಿಯಾಗಿ ಅಲ್ಲೇ ಕೂತಿದೆ.

ಚೀಲದಕ್ಕ ಹಣೆ ಒತ್ತಿಕೊಳ್ಳುತ್ತಾರೆ. “ನನ್ನ ಚೀಲದಲ್ಲಿರೋವೆಲ್ಲ ಗಾಜು ಸರಿಯಿರೋ ಫೋನು. ಒಡೆದಿದ್ರೆ ನಾನೇ ಬದಲಾಯಿಸ್ತಿದ್ದೆ. ಒಂಬತ್ತು ವರ್ಷ ಅದನ್ನೇ ಮಾಡ್ದವಳು, ಒಡೆದಿದ್ದನ್ನ ಹಂಗೇ ಬಿಡೋಕೆ ಕೈ ಬರಲ್ಲ.”

“ಟೇಪ್ ಕಿತ್ತು ಹಾಕ್ಲಾ?” ಎನ್ನುತ್ತಾರೆ ಮೇಸ್ತ್ರಿ. ಇಷ್ಟು ಹೊತ್ತಿಗೆ ಅವರ ದನಿ ಇಳಿದಿದೆ.

“ಬೇಡ. ನೀವು ಹೆಂಗಿದೀರೋ ಹಂಗೇ ಇರಿ. ಬಟನ್ ಜರುಗ್ಲಿ.”

ಗಡಿಯಾರ ಏಳೂ ಐದು. ಮೊಣಕಾಲ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಆಕೆ ಬೆರಳೋಡಿಸುತ್ತಾರೆ. ಬಟನ್ನನ್ನು ಬುಡದಿಂದ ಒಂದು ಹೆಬ್ಬೆರಳಗಲ ಮೇಲೆತ್ತಬೇಕು. ಎತ್ತಿದರೆ ಮೇಲಿನ ಅಕ್ಷರಗಳಿಗೆ ಡಿಕ್ಕಿ. ಅವನ್ನು ಸರಿಸಬೇಕು. ಬಟನ್ನಿನ ಎತ್ತರ ಒಂದೂವರೆ ಪಟ್ಟು ಆಗಬೇಕು, ದಪ್ಪ ಬೆರಳು ಆಚೀಚೆ ಬಿದ್ದರೂ ತಾಗುವಂತೆ. ಮೇಸ್ತ್ರಿ ಪಕ್ಕದಲ್ಲೇ ಕೂತು, ತಮ್ಮ ಗೋಡೆಯನ್ನು ಬೇರೆಯವರು ಕಟ್ಟುತ್ತಿರುವ ಹಾಗೆ ಇಣುಕುತ್ತಿದ್ದಾರೆ. ಏಳೂಕಾಲು. ಏಳೂ ಇಪ್ಪತ್ತೈದು. ಸಿಸ್ಟರ್ ಕೌಂಟರಿನಿಂದ ಎರಡು ಸಲ ಕತ್ತೆತ್ತಿ ನೋಡುತ್ತಾರೆ. ಅವರ ಮುಂದಿನ ಪರದೆಯಲ್ಲಿ ಒಂಬತ್ತು ಚೌಕಗಳಿವೆ. ಎಂಟು ಹಸಿರಾಗಿವೆ, ನಾಲ್ಕನೆಯದು ಬೂದು.

ಏಳೂ ಮೂವತ್ತೆಂಟಕ್ಕೆ ಚೀಲದಕ್ಕ ಫೋನ್ ಕೊಡುತ್ತಾರೆ. ಮೇಸ್ತ್ರಿ ಹೆಬ್ಬೆರಳನ್ನು ಅಂಗಿಗೆ ಒರೆಸಿಕೊಂಡು ಒತ್ತುತ್ತಾರೆ. ಫೋನ್ ಗುರ್ ಎಂದು ಕೈಯಲ್ಲಿ ನಡುಗುತ್ತದೆ. ಅವರು ಫೋನಿನ ಕಡೆ ನೋಡುವುದಿಲ್ಲ, ಕತ್ತು ಚಾಚಿ ಕೌಂಟರಿನ ಕಡೆ ನೋಡುತ್ತಾರೆ.

“ಅಲ್ಲಿ ಬಂತಾ?”

“ಬಂತು,” ಎನ್ನುತ್ತಾರೆ ಸಿಸ್ಟರ್. ನಾಲ್ಕನೇ ಚೌಕ ಹಸಿರು.

“ಅಳಿಸಿ. ಇನ್ನೊಂದ್ಸಲ.”

ಸಿಸ್ಟರ್ ಅಳಿಸುತ್ತಾರೆ. ಮೇಸ್ತ್ರಿ ಎಡಗೈಯಲ್ಲಿ ಹಿಡಿದು ಒತ್ತುತ್ತಾರೆ. ಹಸಿರು. ಮತ್ತೊಮ್ಮೆ ಅಳಿಸಿರಿ ಎಂದು, ಕನ್ನಡಕ ತೆಗೆದಿಟ್ಟು ಒತ್ತುತ್ತಾರೆ. ಹಸಿರು. ಗೋಡೆ ನೆಟ್ಟಗಿದೆಯೇ ಎಂದು ಮೂರು ಕಡೆ ತೂಕದ ಗುಂಡು ಇಳಿಬಿಟ್ಟು ನೋಡಿದ ಮೇಲೆ ಮೇಸ್ತ್ರಿಗಳು ಹೇಗೆ ಸುಮ್ಮನಾಗುತ್ತಾರೋ ಹಾಗೆ ಸುಮ್ಮನಾಗುತ್ತಾರೆ. ಫೋನ್ ಜೇಬಿಗೆ ಹಾಕಿಕೊಳ್ಳುತ್ತಾರೆ. ಉಪಕಾರವಾಯಿತು ಎನ್ನುವ ಜಾತಿಯ ಮನುಷ್ಯರಲ್ಲ. ಬಾಗಿಲ ಹತ್ತಿರ ಹೋಗಿ ತಿರುಗುತ್ತಾರೆ.

“ಏ ಚೀಲದಮ್ಮಾ. ನನ್ನ ಗೋಡೆ ಒಂದು ನೂಲು ಸೊಟ್ಟ ಹೋದ್ರೂ ನಾನೇ ಕೆಡವ್ತಿದ್ದೆ. ನೀನೂ ಕೆಡವ್ದೆ. ಅಷ್ಟು ಸಾಕು.” ಬಾಗಿಲು ತಳ್ಳಿಕೊಂಡು ಹೊರಟೇ ಹೋಗುತ್ತಾರೆ.

ಚೀಲದಕ್ಕ ಫೋನುಗಳನ್ನು ಕಾಲುಚೀಲಕ್ಕೆ ತುಂಬುತ್ತಿದ್ದಾರೆ. ನಿಮಗೇನಾದರೂ ಆಸೆ ಇದೆಯಾ ಎಂದು ಕೇಳುತ್ತೇನೆ. ಆ್ಯಪಿನಲ್ಲಿ ಎಲ್ಲೂ ಇವರ ಹೆಸರಿಲ್ಲ. ಹೆಸರು ಬೇಕು ಅನ್ನುತ್ತಾರೇನೋ ಎಂದುಕೊಂಡಿದ್ದೆ.

“ಅವ್ರು ಮತ್ತೆ ಬರಬಾರ್ದು ಸರ್. ನನ್ನ ಕೆಲಸ ಸರಿಯಾಗಿದೆ ಅಂದ್ರೆ ಅವ್ರಿಗೆ ನನ್ನ ನೆನಪೇ ಬರಬಾರ್ದು.” ಇನ್ನೊಂದು ಫೋನನ್ನು ಕಾಲುಚೀಲದೊಳಗೆ ತೂರಿಸುತ್ತಾ, “ಇನ್ನೊಂದು ಸಣ್ಣ ಆಸೆ. ಗಾಜು ಒಡೆದಿರೋ ಫೋನ್ ಒಂದು ಬೇಕು, ಚೀಲಕ್ಕೆ. ಒಡೆದಿದ್ದನ್ನ ಹಂಗೇ ಇಟ್ಕೊಳ್ಳೋಕೆ ಕಲೀಬೇಕು,” ಎನ್ನುತ್ತಾರೆ.

ಮತ್ತೆ ಮೊದಲಿಂದ ಎಲ್ಲವನ್ನೂ ನೋಡಿ ಮುಗಿಸಿದ ಮೇಲೆ, ಹೊಸ ಪುಟ ಗುರುವಾರ ರಾತ್ರಿ ಹನ್ನೆರಡೂ ಆಸ್ಪತ್ರೆಗಳ ಆರುನೂರು ಫೋನುಗಳಿಗೆ ಹೋಗಿದೆ. ಶುಕ್ರವಾರ ಸಂಜೆ, ಶನಿವಾರದ ಸರದಿಗೆ ಒಪ್ಪಿಗೆ ಒತ್ತುವ ಹೊತ್ತು. ಚೀಲದಕ್ಕ ಆರೂವರೆಗೇ ಬಂದು ಬೆಂಚಿನ ತುದಿಯಲ್ಲಿ ಕೂತಿದ್ದಾರೆ. ಮಡಿಲಲ್ಲಿ ಚೀಲ. ಬಾಗಿಲು ಸದ್ದಾದಾಗಲೆಲ್ಲ ಕಣ್ಣು ಅತ್ತ ಹೋಗುತ್ತದೆ. ಒಬ್ಬ ಅಜ್ಜಿ ಮೊಮ್ಮಗಳ ಕೈ ಹಿಡಿದು ಹೋಗುತ್ತಾರೆ. ಆಕ್ಸಿಜನ್ ಸಿಲಿಂಡರಿನವರು ಬರುತ್ತಾರೆ. ನೆಲ ಒರೆಸುವವರು ಚೀಲದಕ್ಕನ ಕಾಲು ಎತ್ತಿಸಿ ಒರೆಸಿಕೊಂಡು ಹೋಗುತ್ತಾರೆ. ಏಳಾಯಿತು, ಏಳೂಕಾಲಾಯಿತು. ಮೇಸ್ತ್ರಿ ಇಲ್ಲ.

“ಎಲ್ಲಿ ನಿಮ್ಮ ಜಗಳಗಂಟ? ಇವತ್ತು ನಾಪತ್ತೆ!” ಎಂದು ಸಿಸ್ಟರ್ ನಗುತ್ತಾ ತಮ್ಮ ಪರದೆಯನ್ನು ಈ ಕಡೆ ತಿರುಗಿಸುತ್ತಾರೆ. ನಾಲ್ಕನೇ ಚೌಕ ಹಸಿರಾಗಿದೆ. ಯಾವಾಗ ಆಯಿತೋ ಯಾರೂ ನೋಡಿಲ್ಲ.

ಚೀಲದಕ್ಕ ನೋಡುತ್ತಾರೆ. ಎದ್ದು ಚೀಲವನ್ನು ಹೆಗಲಿಗೇರಿಸುತ್ತಾರೆ.

“ಬರಲ್ಲ ಬಿಡಿ ಸಿಸ್ಟರ್,” ಎನ್ನುತ್ತಾರೆ. “ಇನ್ನು ಬರಲ್ಲ.”